ದೇಗುಲ ಹಿಡಿಸದ ಎಂಟು ಜಿಬಿ

ಸಂಪಾದಕರಿಗೆ,

ಮಾನ್ಯರೇ,

ರಾಜ್ಯ ಸರ್ಕಾರವು 2024–29ರ ಅವಧಿಗೆ ಎವಿಜಿಸಿ-ಎಕ್ಸ್‌ಆರ್ (ಆನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಮತ್ತು ಎಕ್ಸ್‌ಟೆಂಡೆಡ್ ರಿಯಾಲಿಟಿ) ನೀತಿಯನ್ನು ಪ್ರಕಟಿಸಿದ ಮೇಲೆ ಆನಿಮೇಷನ್ ಶಿಕ್ಷಣದ ಬಗ್ಗೆ ಉತ್ಸಾಹದ ಮಾತುಗಳು ಕೇಳಿಬರುತ್ತಿರುವುದು ಸಂತೋಷದ ಸಂಗತಿ. ಆದರೆ ಇಂಥ ಕೋರ್ಸುಗಳಿಗೆ ಕಂಪ್ಯೂಟರ್ ಕೊಳ್ಳಲು ಸಿದ್ಧಪಡಿಸುವ ಟೆಂಡರುಗಳಲ್ಲಿ, ನಾನು ಕಂಡ ಮಟ್ಟಿಗೆ, ಒಂದು ಮುಖ್ಯ ಸಾಲು ಬಿಟ್ಟುಹೋಗುತ್ತಿದೆ. ಪ್ರೊಸೆಸರ್ ಯಾವ ಪೀಳಿಗೆಯದು, ಮಾನಿಟರ್ ಎಷ್ಟು ಇಂಚಿನದು, ವಾರಂಟಿ ಎಷ್ಟು ವರ್ಷ ಎಂಬುದೆಲ್ಲ ಅಲ್ಲಿ ವಿವರವಾಗಿ ಇರುತ್ತದೆ. ಚಿತ್ರಗಳನ್ನು ಲೆಕ್ಕ ಹಾಕಿ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನೊಳಗೆ ಎಷ್ಟು ಮೆಮೊರಿ ಇರಬೇಕೆಂಬ ಮಾತು ಮಾತ್ರ ಇರುವುದಿಲ್ಲ.

ಹೋದ ವರ್ಷ ನಾನು ಪಾಠ ಹೇಳುವ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಸೋಮನಾಥಪುರದ ಕೇಶವ ದೇವಾಲಯವನ್ನು ಅಂತಿಮ ವರ್ಷದ ಯೋಜನೆಗೆ ಆರಿಸಿಕೊಂಡರು. 1258ರಲ್ಲಿ ಪ್ರತಿಷ್ಠಾಪನೆಗೊಂಡು, 2023ರಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಯ ಸಾವಿರಾರು ಫೋಟೊಗಳನ್ನು ತೆಗೆದು, ಅವುಗಳಿಂದ ಗೋಡೆಗಳ ಮೂರು ಆಯಾಮದ ಮಾದರಿಗಳನ್ನು ಪಡೆದು, ಎಲ್ಲವನ್ನೂ ಬ್ಲೆಂಡರ್ ಎಂಬ ಆನಿಮೇಷನ್ ತಂತ್ರಾಂಶದಲ್ಲಿ ಜೋಡಿಸಿದರು. ಗೋಡೆಗಳನ್ನು ಒಂದೊಂದಾಗಿ ರೆಂಡರ್ ಮಾಡುವವರೆಗೆ, ಅಂದರೆ ಮಾದರಿಯಿಂದ ಅಂತಿಮ ಚಿತ್ರ ಮೂಡಿಸುವವರೆಗೆ, ತೊಂದರೆಯಿರಲಿಲ್ಲ. ಇಡೀ ಗುಡಿ ಒಂದೇ ಚೌಕಟ್ಟಿನಲ್ಲಿ ಕಾಣಬೇಕಾದ ದಿನ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮುಗಿದಿದೆ ಎಂಬ ಒಂದು ಸಾಲನ್ನು ತೋರಿಸಿ ತಂತ್ರಾಂಶ ನಿಂತುಬಿಟ್ಟಿತು. ಕಾಲೇಜಿನ ಕಾರ್ಡು 8 ಜಿಬಿಯದು.

‘ನಮ್ಮ ಫೋಲ್ಡರ್ ಒಂದು ಜಿಬಿಯೂ ಇಲ್ಲವಲ್ಲ ಸರ್’ ಎಂದು ಮಕ್ಕಳು ಕೇಳಿದರು. ಪ್ರಶ್ನೆ ಸಹಜವಾದದ್ದೇ. ಡಿಸ್ಕಿನಲ್ಲಿರುವ ಜೆಪೆಗ್ ಚಿತ್ರವು ಒತ್ತಿ ಮಡಿಸಿಟ್ಟ ಸೀರೆಯಂತೆ. ರೆಂಡರ್ ಮಾಡುವಾಗ ಅದನ್ನು ಪೂರ್ತಿ ಬಿಚ್ಚಿ ಹರಡಬೇಕಾಗುತ್ತದೆ. ಉದ್ದಗಲ 8192 ಬಿಂದುಗಳ (ಪಿಕ್ಸೆಲ್) ಒಂದು ಚಿತ್ರದಲ್ಲಿ ಸುಮಾರು 6.7 ಕೋಟಿ ಬಿಂದುಗಳಿರುತ್ತವೆ, ಪ್ರತಿ ಬಿಂದುವಿಗೆ 4 ಬೈಟ್‌ನಂತೆ ಲೆಕ್ಕ ಹಾಕಿದರೆ ಅದು ಡಿಸ್ಕಿನಲ್ಲಿ ಎಷ್ಟೇ ಚಿಕ್ಕದಿದ್ದರೂ ಕಾರ್ಡಿನಲ್ಲಿ 256 ಎಂಬಿ ಜಾಗ ಹಿಡಿಯುತ್ತದೆ. ಗೋಡೆಯ ಒಂದು ಭಾಗಕ್ಕೆ ಬಣ್ಣದ್ದೊಂದು, ಉಬ್ಬುತಗ್ಗಿನದೊಂದು, ಒರಟುತನದ್ದೊಂದು ಎಂದು ಮೂರು ಚಿತ್ರಗಳು ಬೇಕು. ಅಂಥ ಹತ್ತು ಭಾಗಗಳಾದರೆ ಏಳೂವರೆ ಜಿಬಿ ಅಲ್ಲಿಗೇ ಮುಗಿಯಿತು. ಕಲ್ಲಿನ ಆಕಾರದ ಲೆಕ್ಕ ಇನ್ನೂ ಶುರುವಾಗಿಲ್ಲ. ಕಂಪ್ಯೂಟರಿನಲ್ಲಿ ಆ ಆಕಾರವನ್ನು ಪುಟ್ಟ ತ್ರಿಕೋನಗಳಿಂದ ಕಟ್ಟಲಾಗುತ್ತದೆ; ಅಂಥ ಒಂದು ಕೋಟಿ ತ್ರಿಕೋನಗಳ ಮೇಲ್ಮೈಗೆ ಸರಳವಾಗಿ ಲೆಕ್ಕ ಹಾಕಿದರೂ 280 ಎಂಬಿ ಬೇಕಾಗುತ್ತದೆ. ಬೆಳಕಿನ ಕಿರಣ ಯಾವ ತ್ರಿಕೋನಕ್ಕೆ ತಗಲುತ್ತದೆಂದು ಬೇಗ ಹುಡುಕಲು ತಂತ್ರಾಂಶ ಕಟ್ಟಿಕೊಳ್ಳುವ ಸೂಚಿಯ ತೂಕ ಅದರ ಮೇಲೆ ಬೇರೆ. ಇದಕ್ಕೆಲ್ಲ 8 ಜಿಬಿ ಎಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಯಂತ್ರ ನಿಧಾನವಾದರೆ ರಾತ್ರಿಯಿಡೀ ಕಾಯಬಹುದು, ಜಾಗವೇ ಇಲ್ಲದಿದ್ದರೆ ಕಾದು ಫಲವಿಲ್ಲ.

ತಪ್ಪೆಲ್ಲ ಯಂತ್ರದ್ದೇ ಎಂದು ನಾನು ಹೇಳುತ್ತಿಲ್ಲ. ಅಂಗಳದ ಸುತ್ತಲಿನ ಕೈಸಾಲೆಯ ಕಂಬಗಳನ್ನು ನಮ್ಮ ವಿದ್ಯಾರ್ಥಿಗಳು ಶಿಫ್ಟ್-ಡಿ ಒತ್ತಿ ನಕಲು ಮಾಡಿದ್ದರು. ಹಾಗಾಗಿ ಪ್ರತಿ ಕಂಬವೂ ಮೆಮೊರಿಯಲ್ಲಿ ತನ್ನದೇ ಜಾಗ ಹಿಡಿದಿತ್ತು. ಆಲ್ಟ್-ಡಿ ಒತ್ತಿದ್ದರೆ ಒಂದೇ ಕಂಬದ ಮಾಹಿತಿಯನ್ನು ಎಲ್ಲವೂ ಹಂಚಿಕೊಳ್ಳುತ್ತಿದ್ದವು. ಅದನ್ನು ಮೊದಲೇ ಕಲಿಸದಿದ್ದುದು ನನ್ನ ಲೋಪ. ಡಿಸ್ನಿ ಆನಿಮೇಷನ್ ಸ್ಟುಡಿಯೊ 2018ರಲ್ಲಿ ಸಂಶೋಧಕರ ಬಳಕೆಗೆಂದು ಬಿಡುಗಡೆ ಮಾಡಿದ ದ್ವೀಪದ ದೃಶ್ಯದಲ್ಲಿ ಬಿಡಿಯಾಗಿ ರಚಿಸಿದ ತ್ರಿಕೋನ, ಚತುಷ್ಕೋನಗಳು ಸುಮಾರು 9 ಕೋಟಿ. ಗಿಡಮರಗಳನ್ನು ಹೀಗೆ ಹಂಚಿಕೊಂಡು ಮತ್ತೆ ಮತ್ತೆ ನೆಟ್ಟುದರಿಂದ ತೆರೆಯ ಮೇಲೆ ಬರುವುದು 1,500 ಕೋಟಿಗೂ ಹೆಚ್ಚು. ಆದರೆ ತೆಂಗಿನ ಮರಕ್ಕೆ ಒಗ್ಗುವ ಈ ಉಪಾಯ ಹೊಯ್ಸಳರ ಗೋಡೆಗೆ ಒಗ್ಗುವುದಿಲ್ಲ. ಅಧಿಷ್ಠಾನದ ಆನೆಗಳ ಸಾಲಿನಲ್ಲಿ ಒಂದು ಆನೆಯ ಸೊಂಡಿಲು ಇನ್ನೊಂದರಂತಿಲ್ಲ, ಅದಕ್ಕಾಗಿಯೇ ಅಲ್ಲವೇ ನಾವು ಅದನ್ನು ದಾಖಲಿಸಲು ಹೊರಟಿರುವುದು? ನಮ್ಮ ಪರಂಪರೆಯ ದಾಖಲಾತಿಗೆ ಮೆಮೊರಿ ಹೆಚ್ಚು ಬೇಕಾಗುವ ಕಾರಣ ಇಲ್ಲಿದೆ.

ಮಾದರಿ ಸಂಖ್ಯೆ ನೋಡಿ ಕಾರ್ಡು ಕೊಳ್ಳುವುದು ಇನ್ನೊಂದು ಮೋಸ. ಎನ್‌ವಿಡಿಯಾದ ಆರ್‌ಟಿಎಕ್ಸ್ 3070 ಕಾರ್ಡು 3060ಕ್ಕಿಂತ ವೇಗದ್ದು, ದುಬಾರಿಯದು. ಆದರೆ ಅದರ ಮೆಮೊರಿ 8 ಜಿಬಿ, ಅಗ್ಗದ 3060 ಮಾರುಕಟ್ಟೆಗೆ ಬಂದದ್ದೇ 12 ಜಿಬಿಯೊಂದಿಗೆ. ಅದರ ನಂತರದ ಪೀಳಿಗೆಯ 4060ರಲ್ಲಿ ಮತ್ತೆ 8 ಜಿಬಿ. ಆಟವಾಡುವವರಿಗೆ ಇದು ಅಷ್ಟಾಗಿ ಬಾಧಿಸದಿರಬಹುದು, ಆದರೆ ದೊಡ್ಡ ಸಂಖ್ಯೆಯೇ ಉತ್ತಮವೆಂದು ನಂಬಿದ ಖರೀದಿ ಸಮಿತಿಯು ಹೆಚ್ಚು ಹಣ ಕೊಟ್ಟು ಕಡಿಮೆ ಜಾಗ ಕೊಳ್ಳುತ್ತದೆ. ನಮ್ಮ ಸಮಿತಿಯ ಹಿರಿಯರೊಬ್ಬರು 8 ಜಿಬಿಯ ಎರಡು ಕಾರ್ಡು ಹಾಕಿದರೆ 16 ಆಗುವುದಿಲ್ಲವೇ ಎಂದು ಕೇಳಿದರು. ಸಾಮಾನ್ಯ ಕಾರ್ಡುಗಳಲ್ಲಿ ಆಗುವುದಿಲ್ಲ: ಇಡೀ ದೃಶ್ಯದ ಒಂದೊಂದು ಪ್ರತಿ ಎರಡರಲ್ಲೂ ಇರಬೇಕಾದ್ದರಿಂದ ಕೆಲಸ ಬೇಗ ಮುಗಿಯುತ್ತದೆಯೇ ಹೊರತು ಜಾಗ ಬೆಳೆಯುವುದಿಲ್ಲ. ಉಕ್ಕಿದ್ದನ್ನು ಕಂಪ್ಯೂಟರಿನ ರ‍್ಯಾಮ್‌ಗೆ ಹರಿಸುವ ವ್ಯವಸ್ಥೆ ಕೆಲವು ತಂತ್ರಾಂಶಗಳಲ್ಲಿದೆಯಾದರೂ, 3060 ಕಾರ್ಡಿನ ಒಳಗೆ ಸೆಕೆಂಡಿಗೆ 360 ಜಿಬಿ ಓಡಾಡುವ ಕಡೆ ಹೊರಗಿನ ದಾರಿಯಲ್ಲಿ ಹೆಚ್ಚೆಂದರೆ 32 ಜಿಬಿ ಸಾಗುತ್ತದೆ.

ಕೊನೆಗೆ ನಮ್ಮ ವಿದ್ಯಾರ್ಥಿಗಳು ದೂರದ ಗೋಡೆಗಳ ಚಿತ್ರಗಳನ್ನು 4096 ಬಿಂದುಗಳಿಗೆ ಇಳಿಸಿ, ಅಂದರೆ ಕಾಲುಭಾಗಕ್ಕೆ ಇಳಿಸಿ, ಕಂಬಗಳನ್ನು ಹೊಸದಾಗಿ ಜೋಡಿಸಿ, ಗ್ರಾಫಿಕ್ಸ್ ಕಾರ್ಡನ್ನು ಬದಿಗಿಟ್ಟು 64 ಜಿಬಿ ರ‍್ಯಾಮ್ ಇದ್ದ ಸ್ನೇಹಿತರೊಬ್ಬರ ಯಂತ್ರದ ಪ್ರೊಸೆಸರಿನಲ್ಲೇ ರೆಂಡರ್ ಮಾಡಿ ಮುಗಿಸಿದರು. ತಡವಾಯಿತು, ಆದರೆ ಗುಡಿ ಇಡಿಯಾಗಿ ಬಂತು.

ಆದ್ದರಿಂದ ಕಾಲೇಜುಗಳಲ್ಲಿಯೂ ಇಲಾಖೆಗಳಲ್ಲಿಯೂ ಟೆಂಡರ್ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟು: ಕಾರ್ಡಿನ ಹೆಸರಿಗಿಂತ ಮೊದಲು ಅದರ ಮೆಮೊರಿ ಕನಿಷ್ಠ 12, ಸಾಧ್ಯವಾದರೆ 16 ಜಿಬಿ ಎಂದು ಸ್ಪಷ್ಟವಾಗಿ ನಮೂದಿಸಿ. ಕಾರ್ಡಿನ ಮೆಮೊರಿಯನ್ನು ಬೆಸುಗೆ ಹಾಕಿರುವುದರಿಂದ ಅದನ್ನು ಮುಂದೆ ಬೆಳೆಸಲಾಗದು. ರ‍್ಯಾಮ್ ಹಾಗಲ್ಲ, ಅದಕ್ಕೆ ಖಾಲಿ ಸ್ಲಾಟುಗಳಿರಬೇಕೆಂದು ಬರೆದರೂ ಸಾಕು. ಹಣ ಸಾಲದಿದ್ದರೆ ಮೂವತ್ತು ಯಂತ್ರಗಳ ಬದಲು ಇಪ್ಪತ್ತನ್ನೇ ಕೊಂಡು, ವಿದ್ಯಾರ್ಥಿಗಳು ಸರದಿಯಲ್ಲಿ ಕೂರುವಂತೆ ವೇಳಾಪಟ್ಟಿ ಮಾಡಿದರೂ ನಮ್ಮಂಥ ಬೋಧಕರ ಆಕ್ಷೇಪವಿರದು.

ಇಂತಿ,
ಒಬ್ಬ ಆನಿಮೇಷನ್ ಉಪನ್ಯಾಸಕ,
ಮೈಸೂರು