ಕನ್ನಡ ಫಾಂಟ್ ಇನ್ನು ನಿಮ್ಮ ತಾಣದಿಂದಲೇ: ಏನು ಬದಲಾಗುತ್ತದೆ, ನೀವು ಏನು ನೋಡಿಕೊಳ್ಳಬೇಕು

ಗ್ರಾಹಕ ಮಿತ್ರರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಎಲ್ಲ ಥೀಮ್‌ಗಳಲ್ಲೂ ಕನ್ನಡ ಫಾಂಟ್ ಬರುವ ದಾರಿ ಬದಲಾಗುತ್ತಿದೆ. ಇಲ್ಲಿಯವರೆಗೆ ಅದು ಗೂಗಲ್ ಫಾಂಟ್ಸ್‌ನ ಸರ್ವರ್‌ನಿಂದ ಬರುತ್ತಿತ್ತು. ಇನ್ನು ನಿಮ್ಮ ತಾಣದ ಸರ್ವರ್‌ನಿಂದಲೇ ಹೋಗುತ್ತದೆ. ಹಳೆಯ ಆಸ್ಕಿ ಫಾಂಟುಗಳಿಗೆ (ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡ ತೋರಿಸುವಂಥವು) ಥೀಮ್‌ನಲ್ಲಿ ಕೊಟ್ಟಿದ್ದ ಆಸರೆಯನ್ನೂ ಅಂದಿನಿಂದ 90 ದಿನಗಳ ನಂತರ ತೆಗೆದುಹಾಕುತ್ತೇವೆ. ಥೀಮನ್ನು ನಾವು ಕೊಟ್ಟ ಹಾಗೆಯೇ ಬಳಸುತ್ತಿದ್ದರೆ ಅಪ್‌ಡೇಟ್ ಒತ್ತಿ, ಕ್ಯಾಶ್ (ಮತ್ತೆ ಬಳಸಲೆಂದು ಉಳಿಸಿಟ್ಟ ಹಳೆಯ ಪ್ರತಿಗಳು) ಖಾಲಿ ಮಾಡಿ, ಕೆಳಗೆ ಕೊಟ್ಟಿರುವ ಪದಗಳನ್ನು ಒಮ್ಮೆ ಪರೀಕ್ಷಿಸಿದರೆ ಸಾಕು. ಸ್ವಂತ ಸಿಎಸ್ಎಸ್ (ಪುಟ ಹೇಗೆ ಕಾಣಬೇಕೆಂದು ಹೇಳುವ ಸೂಚನೆಗಳು) ಸೇರಿಸಿಕೊಂಡವರು, ಸ್ವಂತ ಫಾಂಟ್ ಹಾಕಿಕೊಂಡವರು, ನುಡಿ ಅಥವಾ ಬರಹದ ಕಾಲದ ಲೇಖನಗಳನ್ನು ಇನ್ನೂ ಹಾಗೆಯೇ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ.

ಹೊರಗಿನ ಸರ್ವರ್‌ನಿಂದ ಫಾಂಟ್ ತರಿಸುವುದಕ್ಕೆ ಮೊದಲು ಒಂದು ಒಳ್ಳೆಯ ಕಾರಣವಿತ್ತು. ಓದುಗರು ಬೇರೊಂದು ತಾಣದಲ್ಲಿ ಅದೇ ಫಾಂಟ್ ಇಳಿಸಿಕೊಂಡಿದ್ದರೆ ಬ್ರೌಸರ್ ಅದನ್ನೇ ನಿಮ್ಮ ಪುಟಕ್ಕೂ ಬಳಸುತ್ತಿತ್ತು. ಈಗ ಹಾಗಿಲ್ಲ. ಸಫಾರಿ 2013ರಲ್ಲೇ ಕ್ಯಾಶನ್ನು ತಾಣದಿಂದ ತಾಣಕ್ಕೆ ಬೇರೆ ಮಾಡಿತು. 2020ರಲ್ಲಿ ಕ್ರೋಮ್ 86ನೇ ಆವೃತ್ತಿಯಿಂದಲೂ 2021ರಲ್ಲಿ ಫೈರ್‌ಫಾಕ್ಸ್ 85ನೇ ಆವೃತ್ತಿಯಿಂದಲೂ ಅದೇ ದಾರಿ ಹಿಡಿದವು. ಹೀಗಾಗಿ ಓದುಗರು ಹೊಸ ತಾಣಕ್ಕೆ ಬಂದಾಗಲೆಲ್ಲ ಫಾಂಟ್ ಹೊಸದಾಗಿಯೇ ಇಳಿಯುತ್ತದೆ. ಲಾಭ ಹೋಯಿತು, ಖರ್ಚು ಉಳಿಯಿತು. ಮೊದಲು ಸಿಎಸ್ಎಸ್ ಕೊಡುವ ಸರ್ವರ್‌ಗೆ, ಆಮೇಲೆ ಫಾಂಟ್ ಕಡತ ಕೊಡುವ ಇನ್ನೊಂದು ಸರ್ವರ್‌ಗೆ ಬ್ರೌಸರ್ ಬೇರೆಬೇರೆ ಸಂಪರ್ಕ ಕಟ್ಟಿಕೊಳ್ಳಬೇಕು. ನಿಧಾನದ ಮೊಬೈಲ್ ಜಾಲದಲ್ಲಿ ಈ ಎರಡು ಸಂಪರ್ಕಗಳೇ ಕಡತಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತವೆ. ಓದುಗರ ಐಪಿ ವಿಳಾಸ ಮೂರನೆಯವರಿಗೆ ಹೋಗುತ್ತದೆ ಎಂಬುದು ಇನ್ನೊಂದು ವಿಚಾರ. ಇದೇ ಕಾರಣಕ್ಕೆ 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯ ಒಬ್ಬ ತಾಣದ ಮಾಲೀಕರು ಓದುಗರಿಗೆ 100 ಯೂರೋ ಪರಿಹಾರ ಕೊಡಬೇಕೆಂದು ಹೇಳಿತು. ಯುರೋಪಿನಲ್ಲಿ ಓದುಗರಿರುವವರಿಗೆ ಇದು ಕಡೆಗಣಿಸುವ ಮಾತಲ್ಲ.

ಈಗ ಮುಖ್ಯ ವಿಷಯ. ಫಾಂಟನ್ನು ನಾವೇ ಕಳಿಸುವಾಗ ಅದನ್ನು ಕತ್ತರಿಸಿ ಚಿಕ್ಕದು ಮಾಡುವ ಕೆಲಸವೂ ನಮ್ಮ ಮೇಲೆಯೇ ಬೀಳುತ್ತದೆ. ರೋಮನ್ ಲಿಪಿಯಲ್ಲಿ ಈ ಕೆಲಸ ಸುಲಭ: ಬೇಕಾದ ಅಕ್ಷರ ಇಟ್ಟುಕೊಂಡು ಬೇಡವಾದದ್ದನ್ನು ಬಿಸಾಡಿದರೆ ಆಯಿತು. ಕನ್ನಡದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಸ್ಥಾನ ಮಾತ್ರ, ಅವುಗಳಲ್ಲಿ ಕೆಲವು ಖಾಲಿ. ಒತ್ತಕ್ಷರಗಳಿಗೆ, ಗುಣಿತದ ರೂಪಗಳಿಗೆ, ಅರ್ಕಾವತ್ತಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅವು ಇರುವುದು ಫಾಂಟ್ ಕಡತದೊಳಗೆ. ಯಾವುದು ಯಾವುದರ ಜೊತೆ ಸೇರಿದರೆ ಯಾವ ರೂಪ ಬರಬೇಕು ಎಂಬ ಪಟ್ಟಿಗಳು ಅದರಲ್ಲಿವೆ: ರೂಪ ಬದಲಿಸುವುದು ಜಿಸಬ್, ಜಾಗಕ್ಕೆ ಕೂರಿಸುವುದು ಜಿಪಾಸ್. ಫಾಂಟ್ ಚಿಕ್ಕದು ಮಾಡಿಕೊಡುವ ಕೆಲವು ಉಪಕರಣಗಳು ಈ ಪಟ್ಟಿಗಳನ್ನೇ ಹಾರಿಸಿಬಿಡುತ್ತವೆ. ಕಡತ ತೀರಾ ಹಗುರಾಗುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ‘ಅಕ್ಕ’ ಬರೆದರೆ ಒತ್ತು ಕೆಳಗೆ ಇಳಿಯದೆ, ಒಂದು ಅರ್ಧಾಕ್ಷರ ಮತ್ತು ಒಂದು ಪೂರ್ಣಾಕ್ಷರ ಪಕ್ಕಪಕ್ಕ ನಿಲ್ಲುತ್ತವೆ.

ನಾವು ಬಳಸುವುದು ಫಾಂಟ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶದ ಸಬ್‌ಸೆಟ್ ಉಪಕರಣ. ಮೇಲೆ ಹೇಳಿದ ಪಟ್ಟಿಗಳಲ್ಲಿನ ಲೇಔಟ್ ಫೀಚರ್‌ಗಳನ್ನೆಲ್ಲ ಉಳಿಸಿಕೊಂಡು, ಹೊರಬರುವ ಕಡತವನ್ನು ವೋಫ್ 2 ಎಂಬ, ಜಾಲಕ್ಕೆಂದೇ ಹಗುರಾಗಿಸಿದ ರೂಪಕ್ಕೆ ತರುತ್ತೇವೆ. ಕನ್ನಡದ 128 ಸ್ಥಾನಗಳ ಆಚೆ ಇನ್ನೂ ಕೆಲವನ್ನು ಇಟ್ಟುಕೊಂಡಿದ್ದೇವೆ, ಮರೆತರೆ ತೊಂದರೆಯಾಗುವಂಥವು. ಒಂದು, ಕಣ್ಣಿಗೆ ಕಾಣದ ಎರಡು ಜೋಡಕಗಳು: ಝಡ್‌ಡಬ್ಲ್ಯೂಜೆ ಮತ್ತು ಝಡ್‌ಡಬ್ಲ್ಯೂಎನ್‌ಜೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ನಿಲ್ಲುವುದು ಮೊದಲನೆಯದರಿಂದ, ‘ರಾಜ್‌ಕುಮಾರ್’ ಎಂಬಲ್ಲಿ ಕಕಾರ ಒತ್ತಾಗದೆ ಉಳಿಯುವುದು ಎರಡನೆಯದರಿಂದ. ಇನ್ನೊಂದು, ಪದ್ಯದ ಕೊನೆಗೆ ಹಾಕುವ ದಂಡ ‘।’ ಮತ್ತು ಜೋಡಿ ದಂಡ ‘॥’. ಇವು ಯೂನಿಕೋಡ್‌ನಲ್ಲಿ ದೇವನಾಗರಿಯ ವಿಭಾಗದಲ್ಲಿವೆ. ಕನ್ನಡದ ಸ್ಥಾನಗಳನ್ನಷ್ಟೇ ಎತ್ತಿಕೊಂಡರೆ ದಂಡ ಮಾತ್ರ ಬೇರೆ ಫಾಂಟ್‌ನಿಂದ ಬಂದು, ಉದ್ದವೋ ದಪ್ಪವೋ ಆಗಿ ಎದ್ದು ಕಾಣುತ್ತದೆ. ಹಳಗನ್ನಡ ಬರೆಯುವವರು ಆತಂಕಪಡಬೇಕಿಲ್ಲ. ಱ, ೞ ಎರಡೂ ಇವೆ. (ಯೂನಿಕೋಡ್ ಪಟ್ಟಿಯಲ್ಲಿ ೞಕ್ಕೆ ‘ಫ’ ಎಂಬರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಅದು ಹಾಗೇ ಉಳಿದಿದೆ. ಹೆಸರು ನೋಡಿ ಅಕ್ಷರ ಆರಿಸುವವರು ಇಲ್ಲಿ ಎಡವುತ್ತಾರೆ.) ಫ಼, ಜ಼ ಬರೆಯಲು ಬೇಕಾದ ನುಕ್ತವೂ ಇದೆ.

ಅಪ್‌ಡೇಟ್ ಆದ ಮೇಲೆ ಒಂದು ಕರಡು ಪುಟ ತೆರೆದು ಈ ಸಾಲನ್ನು ಶೀರ್ಷಿಕೆಯಲ್ಲಿ ಒಮ್ಮೆ, ಒಳಬರಹದಲ್ಲಿ ಒಮ್ಮೆ, ದಪ್ಪ ಅಕ್ಷರದಲ್ಲಿ ಒಮ್ಮೆ ಹಾಕಿ ನೋಡಿ:

ಅಕ್ಕ, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್, ರಾಷ್ಟ್ರ, ಸ್ತ್ರೀ, ಶಾಸ್ತ್ರೋಕ್ತ, ಕೃಷ್ಣ, ಜ್ಞಾನ, ಫ಼ಿಲ್ಮ್, ಱ, ೞ, ।, ॥, 2024, ೨೦೨೪

‘ರಾಷ್ಟ್ರ’ದಲ್ಲಿ ಒಂದರ ಜೊತೆ ಇನ್ನೊಂದು ಒತ್ತು ಬರುತ್ತದೆ. ಶೀರ್ಷಿಕೆಯಲ್ಲಿ ಅದರ ಬುಡ ಕತ್ತರಿಸಿದಂತೆ ಕಂಡರೆ ತಪ್ಪು ಫಾಂಟ್‌ನದ್ದಲ್ಲ, ಸಾಲಿನ ಎತ್ತರದ್ದು. ಇಂಗ್ಲಿಷ್‌ಗಾಗಿ ಮಾಡಿದ ವಿನ್ಯಾಸಗಳಲ್ಲಿ ಶೀರ್ಷಿಕೆಗೆ ಲೈನ್-ಹೈಟ್ 1.1 ಅಥವಾ 1.2 ಇರುವುದು ರೂಢಿ. ಕನ್ನಡಕ್ಕೆ ಅದು ಸಾಲದು. ಜೊತೆಗೆ ಓವರ್‌ಫ್ಲೋ ಹಿಡನ್ (ಚೌಕಟ್ಟಿನ ಆಚೆ ಹೋದದ್ದನ್ನು ಮರೆಮಾಡು) ಎಂದಿದ್ದರೆ ಒತ್ತುಗಳ ಕಥೆ ಮುಗಿದಂತೆ. ಹೊಸ ಆವೃತ್ತಿಯಲ್ಲಿ ಶೀರ್ಷಿಕೆಗೆ 1.4, ಒಳಬರಹಕ್ಕೆ 1.7 ಇಟ್ಟಿದ್ದೇವೆ. ನಿಮ್ಮ ಸಿಎಸ್ಎಸ್‌ನಲ್ಲಿ ಇದಕ್ಕಿಂತ ಕಡಿಮೆ ಇದ್ದರೆ ನಿಮ್ಮದೇ ಗೆಲ್ಲುತ್ತದೆ, ಆದ್ದರಿಂದ ಅಲ್ಲಿ ತಿದ್ದಿಕೊಳ್ಳಿ. ಲೆಟರ್-ಸ್ಪೇಸಿಂಗ್ ಇದ್ದರೆ ಅದನ್ನು ಸೊನ್ನೆ ಮಾಡಿ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ರೋಮನ್ ದೊಡ್ಡಕ್ಷರಗಳು ಚೆನ್ನಾಗಿ ಕಾಣುತ್ತವೆ. ಕನ್ನಡದಲ್ಲಿ ಅರ್ಕಾವತ್ತು ತನ್ನ ಅಕ್ಷರ ಬಿಟ್ಟು ಮುಂದಿನದಕ್ಕೆ ಅಂಟಿದಂತೆ ಕಾಣುವ ಅಪಾಯವಿದೆ.

ದಪ್ಪ ಅಕ್ಷರದ ಬಗ್ಗೆ ಎರಡು ಮಾತು. ಹೊಸ ಥೀಮ್‌ಗಳಲ್ಲಿರುವುದು ವೇರಿಯಬಲ್ ಫಾಂಟ್. ಒಂದೇ ಕಡತದಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕಗಳೂ ಇರುತ್ತವೆ. ಇದನ್ನು ಘೋಷಿಸುವಾಗ ತೂಕದ ವ್ಯಾಪ್ತಿಯನ್ನು, ಉದಾಹರಣೆಗೆ 400ರಿಂದ 700 ಎಂದು, ಎರಡು ಅಂಕಿಗಳಲ್ಲಿ ಬರೆಯಬೇಕು. ಬರೆಯದೇ ಬಿಟ್ಟರೆ ಬ್ರೌಸರ್ ಅದನ್ನು 400 ಮಾತ್ರ ಎಂದುಕೊಂಡು, ದಪ್ಪ ಬೇಕಾದಲ್ಲಿ ತಾನೇ ಅಕ್ಷರದ ಅಂಚನ್ನು ಉಬ್ಬಿಸುತ್ತದೆ. ಣ, ಋ ಅಂಥವುಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗಿ ಮಸಿ ಚೆಲ್ಲಿದಂತೆ ಕಾಣುತ್ತದೆ. ಇಟಾಲಿಕ್ ಕೂಡ ಹೀಗೆಯೇ: ಕನ್ನಡ ಅಕ್ಷರವನ್ನು ಬ್ರೌಸರ್ ಬಲವಂತವಾಗಿ ಓರೆ ಮಾಡುತ್ತದೆ, ಅದು ಯಾರಿಗೂ ಚೆಂದ ಕಾಣುವುದಿಲ್ಲ. ಫಾಂಟ್-ಸಿಂಥೆಸಿಸ್ ಗುಣ ಬಳಸಿ ಎರಡನ್ನೂ ನಿಲ್ಲಿಸಿದ್ದೇವೆ. ಇಟಾಲಿಕ್ ಗುಂಡಿ ಒತ್ತಿದ ಕಡೆ ಇನ್ನು 600ರ ತೂಕ ಬರುತ್ತದೆ. ಪುಸ್ತಕದ ಹೆಸರುಗಳನ್ನು ಓರೆಯಾಗಿಯೇ ನೋಡಿ ಅಭ್ಯಾಸವಾದವರಿಗೆ ಇದು ಮೊದಲು ವಿಚಿತ್ರ ಅನ್ನಿಸಬಹುದು.

ಫಾಂಟ್ ಬರುವ ತನಕ ಪುಟದಲ್ಲಿ ಏನು ಕಾಣಬೇಕು ಎಂಬುದಕ್ಕೆ ಫಾಂಟ್-ಡಿಸ್‌ಪ್ಲೇ ಎಂಬ ಗುಣವಿದೆ. ಮೊದಲು ಸ್ವಾಪ್ ಇತ್ತು: ಸಾಧನದ ಫಾಂಟ್ ತೋರಿಸಿ, ನಮ್ಮದು ಎಷ್ಟು ತಡವಾಗಿ ಬಂದರೂ ಬದಲಿಸುವುದು. ಎರಡರ ಅಗಲ ಬೇರೆಯಾದ್ದರಿಂದ, ಓದುತ್ತಿದ್ದ ಸಾಲು ನಡುವೆ ಥಟ್ಟನೆ ಕೆಳಗೆ ಜಿಗಿಯುತ್ತಿತ್ತು. ಈಗ ಫಾಲ್‌ಬ್ಯಾಕ್ ಇಟ್ಟಿದ್ದೇವೆ. ಸುಮಾರು 100 ಮಿಲಿಸೆಕೆಂಡ್ ಕಾಯುತ್ತದೆ, ಆಮೇಲೆ ಸಾಧನದ ಫಾಂಟ್ ತೋರಿಸುತ್ತದೆ, ಸುಮಾರು 3 ಸೆಕೆಂಡಿನೊಳಗೆ ನಮ್ಮದು ಬಂದರೆ ಮಾತ್ರ ಬದಲಿಸುತ್ತದೆ. ತಡವಾದರೆ ಆ ಪುಟವನ್ನು ಹಾಗೇ ಬಿಟ್ಟು, ಇಳಿದ ಕಡತವನ್ನು ಮುಂದಿನ ಪುಟಕ್ಕೆ ಇಟ್ಟುಕೊಳ್ಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ‘ಸಾಧನದ ಫಾಂಟ್ ಮಾತ್ರ’ ಎಂಬ ಹೊಸ ಆಯ್ಕೆಯೂ ಇದೆ. ವಿಂಡೋಸ್ 8 ಮತ್ತು ನಂತರದವುಗಳಲ್ಲಿ ನಿರ್ಮಲಾ ಯುಐ, ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಮೊದಲೇ ಇರುತ್ತವೆ. ನೋಟೋ ಸಾನ್ಸ್ ಕನ್ನಡವನ್ನೇ ಆರಿಸಿಕೊಂಡಿರುವವರು ಆಂಡ್ರಾಯ್ಡ್ ಓದುಗರಿಗೆ ಅವರ ಬಳಿ ಇರುವುದನ್ನೇ ಮತ್ತೆ ಇಳಿಸಿ ಕೊಡುತ್ತಿದ್ದೀರಿ. ನಿರ್ದಿಷ್ಟ ಅಕ್ಷರರೂಪವೇ ಬೇಕೆಂಬ ಹಟವಿಲ್ಲದಿದ್ದರೆ ಈ ಆಯ್ಕೆಯೇ ಒಳ್ಳೆಯದು. ಫಾಂಟ್‌ನ ಬದಲಿಗೆ ಏನೂ ಕಳಿಸದೇ ಇರುವುದಕ್ಕಿಂತ ವೇಗದ ತಂತ್ರ ಇನ್ನೊಂದಿಲ್ಲ.

ಸ್ವಂತ ಸಿಎಸ್ಎಸ್ ಇರುವವರಲ್ಲಿ ಸಾಮಾನ್ಯವಾಗಿ ಕೆಡುವ ಜಾಗಗಳು ಇವು. ಎಫ್12 ಒತ್ತಿ, ನೆಟ್‌ವರ್ಕ್ ಭಾಗದಲ್ಲಿ ಫಾಂಟ್ ಆರಿಸಿ, ಕ್ಯಾಶ್ ನಿಲ್ಲಿಸಿ ಪುಟವನ್ನು ಮತ್ತೆ ತೆರೆಯಿರಿ. ಕನ್ನಡಕ್ಕೊಂದು, ರೋಮನ್‌ಗೊಂದು, ಒಟ್ಟು ಎರಡು ಕಡತಗಳು ನಿಮ್ಮ ತಾಣದ ಹೆಸರಿನಿಂದಲೇ ಬಂದಿರಬೇಕು. 404 (ಕಡತ ಸಿಗಲಿಲ್ಲ) ಎಂದು ಕಂಡರೆ ಕಡತದ ಹಾದಿ ತಪ್ಪಿದೆ. ಸಿಎಸ್ಎಸ್‌ನೊಳಗೆ ಬರೆದ ಹಾದಿಯನ್ನು ಬ್ರೌಸರ್ ಹುಡುಕುವುದು ಆ ಸಿಎಸ್ಎಸ್ ಕಡತ ಇರುವ ಜಾಗದಿಂದ, ನಿಮ್ಮ ಪುಟದ ವಿಳಾಸದಿಂದಲ್ಲ. ಒಂದೇ ಕಡತ ಎರಡು ಸಲ ಇಳಿದಿದ್ದರೆ ಫಾಂಟನ್ನು ಮುಂಚೆಯೇ ತರಿಸುವ ಪ್ರೀಲೋಡ್ ಸಾಲಿನಲ್ಲಿ ಕ್ರಾಸ್‌ಒರಿಜಿನ್ ಎಂಬ ಗುಣ ಬಿಟ್ಟುಹೋಗಿದೆ. ಫಾಂಟ್ ನಿಮ್ಮದೇ ತಾಣದಲ್ಲಿದ್ದರೂ ಅದು ಬೇಕೇ ಬೇಕು. ಚಿತ್ರ ಮತ್ತು ಫಾಂಟ್‌ಗಳನ್ನು ಬೇರೆ ಉಪವಿಳಾಸದಿಂದ ಕಳಿಸುತ್ತಿದ್ದರೆ ಆ ಸರ್ವರ್ ಕೋರ್ಸ್ (ಸಿಒಆರ್‌ಎಸ್, ಬೇರೆ ವಿಳಾಸದ ಪುಟವೂ ಬಳಸಬಹುದು ಎಂಬ) ಅನುಮತಿಯ ಹೆಡರ್ ಕಳಿಸಬೇಕು, ಇಲ್ಲವಾದರೆ ಕಡತ ಬಂದರೂ ಬ್ರೌಸರ್ ಬಳಸುವುದಿಲ್ಲ. ಕಂಟೆಂಟ್ ಸೆಕ್ಯುರಿಟಿ ಪಾಲಿಸಿ (ಯಾವ ವಿಳಾಸಗಳಿಂದ ಏನು ಬರಬಹುದು ಎಂಬ ಪಟ್ಟಿ) ಹಾಕಿಕೊಂಡವರು ಫಾಂಟ್ ಸಾಲಿನಲ್ಲಿ ಗೂಗಲ್‌ನ ವಿಳಾಸ ತೆಗೆದು ‘ಸೆಲ್ಫ್’ ಸೇರಿಸಿ. ಗೂಗಲ್‌ಗೆ ಹೋಗುವ ಕೋರಿಕೆ ಇನ್ನೂ ಕಂಡರೆ ಅದು ನಮ್ಮ ಥೀಮ್‌ನದ್ದಲ್ಲ. ಯಾವುದೋ ಪ್ಲಗಿನ್ ಅಥವಾ ಕ್ಯಾಶ್‌ನಲ್ಲಿ ಉಳಿದ ಹಳೆಯ ಪುಟ.

ಫಾಂಟ್ ಸರಿಯಾಗಿ ಬಂದರೂ ಒಂದೊಂದು ಪ್ಯಾರಾ ಮಾತ್ರ ಬೇರೆ ರೂಪದಲ್ಲಿದ್ದರೆ ಅದು ವರ್ಡ್‌ನಿಂದ ಅಂಟಿಸಿದ್ದು. ಅಕ್ಷರದ ಜೊತೆ ತುಂಗಾ ಫಾಂಟ್‌ನ ಹೆಸರೂ ಒಳಗೆ ಸೇರಿಕೊಂಡಿರುತ್ತದೆ. ಆಯ್ಕೆ ಮಾಡಿ ಫಾರ್ಮ್ಯಾಟಿಂಗ್ ಅಳಿಸಿ. ಇನ್ನು ಮುಂದೆ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿದರೆ ಬರಿಯ ಪಠ್ಯ ಬರುತ್ತದೆ.

ಸ್ವಂತ ಫಾಂಟ್ ಹಾಕಿಕೊಂಡವರು ಮೂಲ ಟಿಟಿಎಫ್ ಕಡತವನ್ನೇ ಅಪ್‌ಲೋಡ್ ಮಾಡಿ, ಬೇರೆಲ್ಲೋ ಚಿಕ್ಕದು ಮಾಡಿದ್ದನ್ನಲ್ಲ. ಜೊತೆಗಿರುವ ಪರವಾನಗಿ ಕಡತವನ್ನೂ ಸೇರಿಸಿ. ಓಪನ್ ಫಾಂಟ್ ಲೈಸೆನ್ಸ್‌ನ ಫಾಂಟುಗಳಲ್ಲಿ ಕೆಲವಕ್ಕೆ ‘ಕಾಯ್ದಿರಿಸಿದ ಹೆಸರು’ ಇರುತ್ತದೆ. ಕತ್ತರಿಸುವುದೂ ಮಾರ್ಪಾಡೇ ಆದ್ದರಿಂದ ಅಂಥದ್ದನ್ನು ಬೇರೆ ಹೆಸರಿನಲ್ಲಿ ಕೊಡುತ್ತೇವೆ. ನಿಮ್ಮ ಸಿಎಸ್ಎಸ್‌ನಲ್ಲಿ ಹಳೆಯ ಹೆಸರಿದ್ದರೆ ಅದನ್ನು ಬದಲಿಸಿಕೊಳ್ಳಬೇಕು.

ಕೊನೆಗೆ ಆಸ್ಕಿ ಲೇಖನಗಳು. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದ ಕಡತದೊಳಗೆ ಕನ್ನಡವಾಗಿಲ್ಲ. ರೋಮನ್‌ನ ದೊಡ್ಡ ‘ಪಿ’, ಪೌಂಡ್ ಚಿಹ್ನೆ, ಚಿಕ್ಕ ‘ಕ್ಯೂ’, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ‘ಎ’ ಇವೆಲ್ಲ ಸೇರಿ, ಆ ಫಾಂಟ್ ಇದ್ದರೆ ಮಾತ್ರ ‘ಕನ್ನಡ’ ಎಂದು ಕಾಣುತ್ತವೆ. ಫಾಂಟ್ ತೆಗೆದ ದಿನ ಆ ಪುಟಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಈಗಲೂ ಹುಡುಕಾಟದಲ್ಲಿ ಅವು ಸಿಗುವುದಿಲ್ಲ, ತೆರೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತೆರೆಓದುಗ ತಂತ್ರಾಂಶ ಅವನ್ನು ಓದಲಾರದು. ನಿಯಂತ್ರಣ ಫಲಕದಲ್ಲಿ ‘ಹಳೆಯ ಲೇಖನ ಪರಿವರ್ತನೆ’ ಎಂಬ ಉಪಕರಣ ಕೊಟ್ಟಿದ್ದೇವೆ. ಮೊದಲು ಇಡೀ ತಾಣದ ಬ್ಯಾಕಪ್ ಇಳಿಸಿಕೊಳ್ಳಿ, ಆಮೇಲೆ 10 ಲೇಖನಗಳನ್ನು ಮಾತ್ರ ಪರಿವರ್ತಿಸಿ ಓದಿ ನೋಡಿ, ಸರಿಯಿದ್ದರೆ ಉಳಿದವು.

ಓದುವಾಗ ಮೂರು ಕಡೆ ಕಣ್ಣಿಡಿ. ಆಸ್ಕಿಯಲ್ಲಿ ಅರ್ಕಾವತ್ತನ್ನು ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರದ ನಂತರ ಒತ್ತಿರುತ್ತಾರೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ‘ಸೂರ್ಯ’ ಸುಲಭವಾಗಿ ತಿರುಗುತ್ತದೆ, ಆದರೆ ‘ಕಾರ್ಯಾಲಯ’ದಂತೆ ನಡುವೆ ದೀರ್ಘ ಬಂದರೆ, ‘ಮರ್ತ್ಯ’ದಂತೆ ಇನ್ನೊಂದು ಒತ್ತು ಬಂದರೆ ಕೆಲವೊಮ್ಮೆ ಜಾಗ ತಪ್ಪುತ್ತದೆ. ಎರಡನೆಯದು, ನಡುವೆ ಇಂಗ್ಲಿಷ್ ಪದವೋ ಜಾಲವಿಳಾಸವೋ ಇದ್ದರೆ ಅದನ್ನೂ ಉಪಕರಣ ಕನ್ನಡವೆಂದೇ ತಿಳಿದು ತಿರುಗಿಸುತ್ತದೆ. ಫಾಂಟ್ ಹೆಸರು ನಮೂದಾಗಿರುವ ಭಾಗವನ್ನಷ್ಟೇ ಮುಟ್ಟುವಂತೆ ಮಾಡಿದ್ದರೂ, ಇಡೀ ಪುಟಕ್ಕೆ ಒಂದೇ ಫಾಂಟ್ ಹಾಕಿದವರಿಗೆ ಅದು ನೆರವಾಗುವುದಿಲ್ಲ. ಮೂರನೆಯದು ಕಣ್ಣಿಗೇ ಕಾಣದ್ದು. ಆಸ್ಕಿಯಲ್ಲಿ ದೀರ್ಘದ ಗುರುತು ಪ್ರತ್ಯೇಕ, ಹಾಗಾಗಿ ‘ಕೇ’ ಎಂಬುದು ‘ಕೆ’ ಮತ್ತು ದೀರ್ಘದ ಗುರುತು ಎಂಬ ಎರಡು ತುಂಡಾಗಿ ಉಳಿಯಬಹುದು. ನೋಡಲು ಒಂದೇ, ತಾಣದೊಳಗೆ ಹುಡುಕಿದರೆ ಸಿಗದು. ಇದನ್ನು ಯೂನಿಕೋಡ್‌ನ ಎನ್ಎಫ್‌ಸಿ ಎಂಬ, ತುಂಡುಗಳನ್ನು ಜೋಡಿಸುವ ಕ್ರಮದಲ್ಲಿ ಒಂದಾಗಿಸುತ್ತೇವೆ. ಬೇರೆ ಕಡೆ ಮೊದಲೇ ಪರಿವರ್ತಿಸಿಕೊಂಡ ಲೇಖನಗಳಿದ್ದರೆ ಅವುಗಳ ಮೇಲೂ ಈ ಕೊನೆಯ ಹಂತವನ್ನು ಮಾತ್ರ ಪ್ರತ್ಯೇಕವಾಗಿ ಓಡಿಸಬಹುದು.

ಲೇಖನದ ವಿಳಾಸಗಳು ಬದಲಾಗುವುದಿಲ್ಲ, ಶೀರ್ಷಿಕೆ ಮತ್ತು ಒಳಬರಹ ಮಾತ್ರ ತಿರುಗುತ್ತವೆ. ಪುಟದ ಭಾಷೆಯನ್ನು ‘ಇಂಗ್ಲಿಷ್’ ಎಂದು ಬಿಟ್ಟಿದ್ದರೆ ಇದೇ ಸಮಯದಲ್ಲಿ ‘ಕನ್ನಡ’ ಎಂದು ಬದಲಿಸಿ. ತೆರೆಓದುಗ ಯಾವ ದನಿಯಲ್ಲಿ ಓದಬೇಕೆಂದು ತೀರ್ಮಾನಿಸುವುದು ಅದನ್ನು ನೋಡಿಯೇ.

ತೊಂದರೆ ಕಂಡರೆ ಸಹಾಯದ ಅರ್ಜಿಯಲ್ಲಿ ಪುಟದ ವಿಳಾಸ, ಬ್ರೌಸರ್ ಮತ್ತು ಅದರ ಆವೃತ್ತಿ, ಸಾಧನ ಇಷ್ಟನ್ನು ಬರೆಯಿರಿ. ತಪ್ಪಾಗಿ ಕಾಣುವ ಪದವನ್ನು ಚಿತ್ರವಾಗಿಯೂ ಕಳಿಸಿ, ಪಠ್ಯವಾಗಿಯೂ ಅಂಟಿಸಿ. ಚಿತ್ರ ಮಾತ್ರ ಇದ್ದರೆ ಒಳಗೆ ಯಾವ ಸಂಕೇತಗಳಿವೆ ಎಂದು ತಿಳಿಯುವುದಿಲ್ಲ, ಪಠ್ಯ ಮಾತ್ರ ಇದ್ದರೆ ನಮ್ಮ ತೆರೆಯಲ್ಲಿ ಅದು ಸರಿಯಾಗಿಯೇ ಕಾಣಬಹುದು. ಹಿಂದಿನ ಆವೃತ್ತಿಗೆ ಮರಳುವ ಗುಂಡಿ 90 ದಿನಗಳವರೆಗೂ ಇರುತ್ತದೆ.

ಇಂತಿ,
ಥೀಮ್ ಮತ್ತು ಫಾಂಟ್ ವಿಭಾಗ