ಮನೆ ಸರ್ವರ್ ಬ್ಯಾಕಪ್: ಡ್ರೈವ್ ಸಿಕ್ಕಿಸಿದ್ರೆ ಸಾಲ್ದು

ಎಲ್ಲರಿಗೂ ನಮಸ್ಕಾರ. ಎಕ್ಸ್‌ಟರ್ನಲ್ ಡ್ರೈವ್‌ಗೆ ತಾನಾಗೇ ಬ್ಯಾಕಪ್ ಆಗೋ ಹಾಗೆ ಮಾಡೋದು ಹೇಗೆ ಅಂತ ಮೂರ್ನಾಲ್ಕು ಜನ ಕೇಳಿದ್ರಿ, ಒಟ್ಟಿಗೇ ಬರೆದುಬಿಡ್ತೀನಿ.

ಲಿನಕ್ಸ್‌ನಲ್ಲಿ ಫೈಲ್‌ಗಳನ್ನ ನಕಲು ಮಾಡೋ ಆರ್‌ಸಿಂಕ್ ಕಮಾಂಡನ್ನ ಒಂದು ಸ್ಕ್ರಿಪ್ಟ್‌ನಲ್ಲಿಟ್ಟು, ರಾತ್ರಿ 2 ಗಂಟೆಗೆ ಓಡೋ ಹಾಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸ ಓಡಿಸೋ ವ್ಯವಸ್ಥೆ) ಹಾಕಿದ್ರೆ ಮುಕ್ಕಾಲು ಕೆಲಸ ಮುಗೀತು. ಎಡವೋದು ಮೌಂಟ್ ವಿಷಯದಲ್ಲಿ, ಅಂದ್ರೆ ಡ್ರೈವನ್ನ ಒಂದು ಫೋಲ್ಡರ್‌ಗೆ ಜೋಡಿಸೋದ್ರಲ್ಲಿ. ಡ್ರೈವ್‌ಗೆ ಲಿನಕ್ಸ್ ಕೊಡೋ ಎಸ್‌ಡಿಬಿ1 ಅನ್ನೋ ಹೆಸರನ್ನ ನಂಬಬೇಡಿ, ರೀಬೂಟ್ ಆದ್ಮೇಲೆ ಅದು ಎಸ್‌ಡಿಸಿ1 ಆಗಿರಬಹುದು. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡ್ರೈವ್ ಎಲ್ಲಿ ಮೌಂಟ್ ಆಗ್ಬೇಕು ಅಂತ ಬರೆದಿಡೋ ಫೈಲ್) ಯುಯುಐಡಿ (ರೀಬೂಟ್ ಆದ್ರೂ ಬದಲಾಗದ ಡ್ರೈವ್ ಗುರುತು) ಹಾಕಿ, ಜೊತೆಗೆ ನೋಫೇಲ್ ಅನ್ನೋ ಆಯ್ಕೆ ಸೇರಿಸಿ. ಇಲ್ಲದಿದ್ರೆ ಡ್ರೈವ್ ಸಿಕ್ಕಿಸದ ದಿನ ಸರ್ವರ್ ಬೂಟ್ ಆಗದೆ ಅರ್ಧದಲ್ಲೇ ನಿಲ್ಲಬಹುದು.

ನಂದು ಇನ್ನೂ ಚೆಂದದ ಕತೆ. ಕೇಬಲ್ ಸಡಿಲ ಆಗಿ ಡ್ರೈವ್ ಕಳಚಿಕೊಂಡಿತ್ತು, ಖಾಲಿ ಫೋಲ್ಡರ್ ಮಾತ್ರ ಅಲ್ಲೇ ಇತ್ತು. ಆರ್‌ಸಿಂಕ್ ಪಾಪ, ಅದನ್ನೇ ಡ್ರೈವ್ ಅಂದ್ಕೊಂಡು ಎಲ್ಲಾನೂ ಸಿಸ್ಟಮ್ ಡಿಸ್ಕಿಗೇ ತುಂಬಿತು. ಬೆಳಗ್ಗೆ ನೋಡಿದ್ರೆ 100% ಫುಲ್! ಈಗ ಸ್ಕ್ರಿಪ್ಟಿನ ಮೊದಲ ಸಾಲೇ ‘ಮೌಂಟ್‌ಪಾಯಿಂಟ್’ ಕಮಾಂಡ್. ಡ್ರೈವ್ ಮೌಂಟ್ ಆಗಿಲ್ಲ ಅಂದ್ರೆ ಅಲ್ಲಿಗೇ ನಿಲ್ಲುತ್ತೆ.

ಆರ್‌ಸಿಂಕ್‌ನ ‘ಡಿಲೀಟ್’ ಆಯ್ಕೆ ಬಳಸೋರು ಹುಷಾರು: ಸರ್ವರ್‌ನಲ್ಲಿ ಕೈತಪ್ಪಿ ಅಳಿಸಿದ್ದು ರಾತ್ರಿ ಬ್ಯಾಕಪ್‌ನಲ್ಲೂ ಅಳಿಸಿಹೋಗುತ್ತೆ. ಹಳೇ ಪ್ರತಿಗಳೂ ಬೇಕಿದ್ರೆ ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್ ವಾಸಿ. ಅದರ ಪಾಸ್‌ವರ್ಡ್ ಮಾತ್ರ ಬೇರೆ ಕಡೆ ಬರೆದಿಟ್ಕೊಳ್ಳಿ, ಮರೆತ್ರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ನನ್ನ ಸ್ಕ್ರಿಪ್ಟ್ ಬೇಕಾದವರು ಇಲ್ಲೇ ಹೇಳಿ, ಹಾಕ್ತೀನಿ.