ಪುಟ್ಟಿಯ ವಿಷಯವಾಗಿ ಅಮ್ಮನಿಗೆ

ಮ್ಯಾಂಚೆಸ್ಟರ್

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಈ ವಿಷಯ ಎತ್ತಿದರೆ ನಿನಗೆ ಅಳು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು. ಪುಟ್ಟಿ ಓದಿದರೂ ಅಡ್ಡಿಯಿಲ್ಲ, ಮುಚ್ಚಿಡುವಂಥದ್ದು ಏನೂ ಇಲ್ಲ.

ದೊಡ್ಡಮ್ಮ ಏನೇ ಅನ್ನಲಿ, ಪುಟ್ಟಿಗಿರುವ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಹಠವೂ ಅಲ್ಲ, ಕೊಬ್ಬೂ ಅಲ್ಲ. ಅದು ಭಾವನೆಗಳು ಹತೋಟಿಗೆ ಸಿಗದ ಮನಸ್ಸಿನ ಕಾಯಿಲೆ. ಇದಕ್ಕೆ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆ ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಈ ಕಾಯಿಲೆ ಇರುವವರ ಮನಸ್ಸು ಮೈಯೆಲ್ಲ ಸುಟ್ಟವರ ಹಾಗೆ, ಮೆಲ್ಲಗೆ ಮುಟ್ಟಿದರೂ ಉರಿ ಅಂತ ಆಕೆ ಹೇಳುತ್ತಾರೆ. ಹರೆಯದಲ್ಲಿ ಆಕೆಯೂ ತನ್ನನ್ನು ತಾನೇ ಗಾಯ ಮಾಡಿಕೊಂಡು ಆಸ್ಪತ್ರೆಯಲ್ಲಿದ್ದವರು. 2011ರಲ್ಲಿ ಅದನ್ನು ಎಲ್ಲರೆದುರು ಹೇಳಿದರು. ಪುಟ್ಟಿಗೆ ಇದು ಗೊತ್ತಾಗಬೇಕು.

ನೀನು ಫೋನ್ ಎತ್ತುವುದು ತಡವಾದರೆ ‘ನನ್ನ ಬಿಟ್ಟೇ ಬಿಟ್ರು’ ಅಂತ ಅವಳಿಗೆ ನಿಜಕ್ಕೂ ಅನ್ನಿಸುತ್ತದೆ. ಆಗ ‘ಇಷ್ಟಕ್ಕೆಲ್ಲ ಅಳ್ತಾರಾ’ ಅನ್ನಬೇಡ. ‘ತುಂಬಾ ಭಯ ಆಯ್ತು ಅಲ್ವಾ’ ಅನ್ನು. ಹಾಗಂದ ಮಾತ್ರಕ್ಕೆ ಅವಳು ಬೈದಿದ್ದನ್ನೆಲ್ಲ ಒಪ್ಪಿದ ಹಾಗಲ್ಲ. ಅವಳ ನೋವನ್ನು ಒಪ್ಪಿದ್ದೀಯ, ಅಷ್ಟೆ.

ಆದರೆ ಗೆರೆಯೂ ಬೇಕು. ‘ಕೂಗಾಡಬೇಡ’ ಅಂದರೆ ಅವಳು ಕೇಳುವುದು, ಬಿಡುವುದು ನಮ್ಮ ಕೈಯಲ್ಲಿಲ್ಲ. ‘ಕೂಗಾಡಿದರೆ ನಾನು ಒಳಗೆ ಹೋಗ್ತೀನಿ, ಅರ್ಧ ಗಂಟೆ ಬಿಟ್ಟು ಬಂದು ಮಾತಾಡ್ತೀನಿ’ ಅನ್ನುವುದು ನಿನ್ನ ಕೈಯಲ್ಲಿದೆ. ಹೇಳಿದ ಮೇಲೆ ಹೋಗಲೇಬೇಕು. ಅರ್ಧ ಗಂಟೆಗೆ ವಾಪಸ್ ಬರಲೂಬೇಕು ಅಮ್ಮ. ಎಲ್ಲರೂ ಬಿಟ್ಟುಹೋಗುತ್ತಾರೆ ಅಂತ ಹೆದರುವ ಹುಡುಗಿಗೆ ನೀನು ತಿರುಗಿ ಬರುವುದೇ ದೊಡ್ಡ ಧೈರ್ಯ. ಇದನ್ನೆಲ್ಲ ಜಗಳದ ಮಧ್ಯೆ ಹೇಳಬೇಡ. ಅವಳು ಸಮಾಧಾನವಾಗಿರುವಾಗ, ಕಾಫಿ ಕುಡಿಯುವ ಹೊತ್ತಿನಲ್ಲಿ ಹೇಳು.

ದುಡ್ಡಿನ ವಿಷಯದಲ್ಲೂ ಅಷ್ಟೇ. ನೀನು ಇಲ್ಲ ಅಂದಿದ್ದನ್ನು ಅಪ್ಪ ಸುಮ್ನೆ ಫೋನ್‌ಪೇ ಮಾಡಿದರೆ, ಜೋರು ಮಾಡಿದರೆ ಸಿಗುತ್ತದೆ ಅಂತಾಗುತ್ತದೆ. ಇಬ್ಬರದೂ ಒಂದೇ ಮಾತಿರಲಿ. ಮೊದಮೊದಲು ಕೂಗಾಟ ಜಾಸ್ತಿಯಾಗಬಹುದು. ಸಡಿಲ ಬಿಡಬೇಡಿ.

‘ಸತ್ತೇ ಹೋಗ್ತೀನಿ’ ಅಂದರೆ ಮಾತ್ರ ನಾಟಕ ಅನ್ನಬೇಡಿ. ಈ ಕಾಯಿಲೆಯಲ್ಲಿ ಆ ಅಪಾಯ ನಿಜ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವಳೊಬ್ಬಳನ್ನೇ ಬಿಡಬೇಡ. ಮಾತ್ರೆಗಳು ನಿನ್ನ ಹತ್ತಿರ ಇರಲಿ. ಡಾಕ್ಟರಿಗೆ ಫೋನ್ ಮಾಡು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ನೀನೂ ಕೇಳಬಹುದು. ಕೈಮೀರಿದರೆ 108. ಆದರೆ ಆ ಮಾತಿಗೆ ಹೆದರಿ ದುಡ್ಡು ಕೊಡಬೇಡಿ. ಆಗ ಅವಳಿಗೆ ಬೇಕಾಗಿರುವುದು ಆಸ್ಪತ್ರೆ.

ಮದುವೆ ಮಾಡಿದರೆ ಸರಿಹೋಗುತ್ತೆ ಅನ್ನುವವರಿಗೆ ಬಾಗಿಲಲ್ಲೇ ಬೇಡ ಅಂದುಬಿಡು. ಈ ಕಾಯಿಲೆ ಜಾಸ್ತಿ ಕಾಡುವುದು ಹತ್ತಿರದ ಸಂಬಂಧಗಳಲ್ಲೇ. ಇದಕ್ಕೇ ಅಂತ ಮಾತ್ರೆಯೂ ಇಲ್ಲ, ಮಾತಿನ ಚಿಕಿತ್ಸೆಯೇ ಮುಖ್ಯ. ನಿಧಾನ ಹೌದು, ಆದರೆ ವರ್ಷಗಟ್ಟಲೆ ಜೊತೆಗಿದ್ದು ನೋಡಿದ ಅಧ್ಯಯನಗಳಲ್ಲಿ ಹೆಚ್ಚಿನವರ ತೊಂದರೆ ಇಳಿದಿದೆ. ಥೆರಪಿ ತಪ್ಪಿಸಬೇಡಿ. ಖರ್ಚು ನಾನು ನೋಡಿಕೊಳ್ಳುತ್ತೇನೆ.

ನೀನು ಭಜನೆಗೆ ಹೋಗುವುದನ್ನೇ ಬಿಟ್ಟಿದ್ದೀಯಂತೆ. ಈ ಶುಕ್ರವಾರದಿಂದ ಹೋಗು. ಆಗ ಇಲ್ಲಿ ನನಗೆ ಊಟದ ಬಿಡುವು, ಪುಟ್ಟಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಅವಳಿಗೂ ಮೊದಲೇ ಹೇಳಿರು.

ನಿನ್ನ ದೊಡ್ಡ ಮಗಳು